ಗುಂಡಿಗೆ ಬೇಕು ಗುಂಡಿಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳ ಬಿಟ್ಟು ಬೇರೆ ರೋಗವಿಲ್ಲ!

ಗಾದೆ ನಾನು ಕೆಡಿಸಿದ್ದು. ಕಥೆ ಮಾತ್ರ ನಡೆದದ್ದೇ. ಕಣ್ಣು ಮುಚ್ಚಿ ನಂಬಬೇಡಿ, ತೆರೆದುಕೊಂಡೇ ಓದಿ.

ಅವಳು ಡಿಸೈನರ್. ನಮ್ಮನ್ನು ನಾವೇ ಸಂಮೋಹನಕ್ಕೆ ಒಪ್ಪಿಸಿಕೊಂಡು ಮನಸ್ಸು ಹಗುರ ಮಾಡಿಕೊಳ್ಳುವ ಆ್ಯಪ್ ಒಂದರ ಪರದೆಗಳನ್ನು ಎಂಟು ತಿಂಗಳಿಂದ ರೂಪಿಸುತ್ತಿದ್ದಳು. ಕಣ್ಣಿಗೆ ಚುಚ್ಚದ ಬಣ್ಣ, ಉಸಿರಿನ ಜೊತೆ ಹಿಗ್ಗಿ ಕುಗ್ಗುವ ವೃತ್ತ... ಎಲ್ಲ ಅವಳದೇ.

ಅವತ್ತು ಬೆಳಿಗ್ಗೆ ರೆಕಾರ್ಡಿಂಗ್ ಕೋಣೆಯಿಂದ ಬಾಸ್ ದನಿ ಕೇಳಿಸಿತು.

"ನಿಮ್ಮ ರೆಪ್ಪೆಗಳು ಭಾರವಾಗುತ್ತಿವೆ... ಏಕೆಂದರೆ ನಾನು ಮೂರನೇ ಮೀಟಿಂಗ್ ಕರೆದಿದ್ದೇನೆ..."

ನಗು ತಡೆಯಲಾಗದೆ ಬಾಗಿಲು ತಳ್ಳಿದಳು. ಒಳಗೆ ಬಾಸ್ ಇರಲಿಲ್ಲ! ಮೈಕ್ ಮುಂದಿದ್ದ ಸಣಕಲು ಯುವಕ ತಡಬಡಿಸಿ ಎದ್ದು ನಿಂತ. ಆ್ಯಪ್‌ಗೆ ದನಿ ಕೊಡಲು ಬಂದವನು. ಸಿಕ್ಕಿಬಿದ್ದ ಆ ತುಂಟ ಕಣ್ಣುಗಳನ್ನು ನೋಡಿ ಅವಳ ಎದೆಯಲ್ಲಿ ಏನೋ ಝುಂ ಅಂದಿತು.

ಆಮೇಲೆ ಅವನ ಕೈಯಲ್ಲಿದ್ದ ಹಾಳೆ ಕಂಡಿತು. 'ಇನ್ನು ಇಪ್ಪತ್ತು ನಿಮಿಷ ನೀವು ಏಳಲಾರಿರಿ.'

ಯಾರು ಬರೆದದ್ದು ಅಂತ ಕೇಳಿದಳು. ಭಾವ, ಅಂದ. ಬಾಸ್ ಅವನ ಅಕ್ಕನ ಗಂಡ!

"ಸರಿ ಬಿಡಿ. ನಿಮಗೆ ಭಾವನೇ ಮುಖ್ಯ, ಜನರ ಭಾವನೆ ಅಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿಲು ಬಡಿದುಕೊಂಡು ಹೊರಟಾಗಿತ್ತು.

ಬಾಸ್ ಜೊತೆಗಿನ ಅವಳ ಜಗಳದ ಮೂಲ ಒಂದು ಗುಂಡಿ. ಕಣ್ಣು ಮುಚ್ಚಿ ಕೂತವರು ಬಟನ್ ಹುಡುಕಲು ಆಗುವುದಿಲ್ಲವಲ್ಲ? ಅದಕ್ಕೇ ಅವಳು ಇಡೀ ಪರದೆಯನ್ನೇ ಒಂದು ಗುಂಡಿ ಮಾಡಿದ್ದಳು. ಎಲ್ಲಿ ಬೆರಳಿಟ್ಟರೂ ದನಿ ನಿಧಾನಕ್ಕೆ ಐದರಿಂದ ಒಂದಕ್ಕೆ ಎಣಿಸಿ, ಅವರನ್ನು ಮೆತ್ತಗೆ ಹೊರಗೆ ಕರೆತರುತ್ತಿತ್ತು. ಜನ ಅರ್ಧಕ್ಕೇ ಎದ್ದು ಹೋದರೆ ಆ್ಯಪ್ ಉಳಿಯುವುದು ಹೇಗೆ ಅಂತ ಬಾಸ್ ತಗಾದೆ. ಗುಂಡಿ ತೆಗೆಯಿರಿ ಅಂದರು.

"ಗುಂಡಿ ತೆಗೆದರೆ ಜನ ಗುಂಡಿಗೆ ಬೀಳ್ತಾರೆ ಸಾರ್. ಅದು ಹೋದರೆ ನಾನೂ ಹೋಗ್ತೀನಿ."

ರಾಜೀನಾಮೆ ಪತ್ರ ಬ್ಯಾಗಿನಲ್ಲೇ ಇತ್ತು. ಎಂಟು ತಿಂಗಳ ಕೆಲಸ ಬಿಟ್ಟು ಹೋಗಲು ಅವಳಿಗೂ ಇಷ್ಟವಿರಲಿಲ್ಲ. ಬಗ್ಗಲು ಮಾತ್ರ ಮನಸ್ಸು ಬರಲಿಲ್ಲ.

ಅವನು ಲಿಫ್ಟಿನ ದನಿ, ಕೆಮ್ಮುವ ಪ್ರಿಂಟರಿನ ದನಿ ಮಾಡಿ ಅವಳನ್ನು ನಗಿಸಲು ನೋಡಿದ. ಅವಳು ಹಲ್ಲು ಕಚ್ಚಿದಳು. 'ಭಾವನ ಬಾಲ!' ಅಂತ ಬೈದುಕೊಂಡಳು. ಆದರೆ ಆ ದನಿ... ಹಾಳಾದ್ದು, ಕೇಳುತ್ತಲೇ ಇರಬೇಕು ಅನ್ನಿಸುತ್ತಿತ್ತು.

ಕೊನೆಗೆ ಬಾಸ್ ಪಂಥ ಹಾಕಿದರು. ಗುಂಡಿ ಇಲ್ಲದ ಪರದೆ ಹಿಡಿದು ಅವಳೇ ಕೂರಬೇಕು. ಇಪ್ಪತ್ತು ನಿಮಿಷದೊಳಗೆ ಎದ್ದರೆ ಗುಂಡಿ ಇರಲಿ, ಏಳದಿದ್ದರೆ ಗುಂಡಿ ಹೋಗಲಿ. ತಮ್ಮ ಬಾಮೈದನ ದನಿಗೆ ಮರುಳಾದವರು ಏಳುವುದುಂಟೇ ಅನ್ನುವ ಧೈರ್ಯ ಅವರದು!

ಶುಕ್ರವಾರ ಮಧ್ಯಾಹ್ನ, ಮೀಟಿಂಗ್ ಕೋಣೆ. ಅವನು ಎದುರು ಕೂತು ಓದಿದ. ಆರನೇ ನಿಮಿಷಕ್ಕೆ ಅವಳ ಕತ್ತು ವಾಲಿತು, ಕೈ ಜೋತುಬಿತ್ತು. ಬಾಸ್ ಬಗ್ಗಿ ಪಿಸುಗುಟ್ಟಿದರು, ಗುಂಡಿ ಬೇಕಾ ಅಂತ.

"ಬೇ...ಡ..."

ಬಾಸ್ ಕುಣಿಯದಿದ್ದದ್ದೇ ಹೆಚ್ಚು. ಗುಂಡಿ ಕೀಳಿಸಬೇಕೆಂದು ಕೋಡ್ ಬರೆಯುವವರನ್ನು ಕರೆತರಲು ಓಡಿದರು.

ಅವನು ಹಾಳೆ ಮಡಚಿದ.

"ಎಲ್ಲರ ದನಿ ಬರುತ್ತೆ ನನಗೆ. ನಿಮ್ಮೆದುರು ನನ್ನದೇ ಬರಲ್ಲ. ಏಳಲಾರಿರಿ ಅನ್ನೋ ಸಾಲು ಓದಲ್ಲ ಅಂತ ಭಾವನಿಗೆ ಮೊದಲನೇ ದಿನವೇ ಹೇಳಿದ್ದೆ. ಇವತ್ತೂ ಓದಲಿಲ್ಲ. ಒಂದು ಗುಂಡಿಗೋಸ್ಕರ ನೀವು ಕೆಲಸಾನೇ ಬಿಡ್ತೀರಿ... ಅಷ್ಟು ಗುಂಡಿಗೆ ನನಗೆಲ್ಲಿದೆ? ನೀವಂದ್ರೆ ಇಷ್ಟ ಅಂತ ಹೇಳೋಕೂ, ನೀವು ಎಚ್ಚರ ತಪ್ಪಬೇಕಾಯ್ತು."

ಬಾಗಿಲು ತೆರೆಯಿತು. ಬಾಸ್, ಹಿಂದೆ ನಾಲ್ಕು ಜನ.

ಅವಳು ಕಣ್ಣು ಬಿಟ್ಟು ಗೋಡೆ ಗಡಿಯಾರ ನೋಡಿದಳು. ಹದಿನಾಲ್ಕು ನಿಮಿಷ.

"ಎದ್ದೆ ಸಾರ್."

ಬೇಡ ಅಂದಿದ್ದು ಯಾರು ಅಂತ ಬಾಸ್ ತೊದಲಿದರು.

"ನಾನೇ. ಪೂರ್ತಿ ಎಚ್ಚರ ಇದ್ದೆ. ದಾರಿ ಮುಚ್ಚಿ ಕೇಳಿದ್ರೆ ಜನ ಹೀಗೇ ಸಾರ್, ನಿಮಗೆ ಬೇಕಾದ್ದನ್ನೇ ಹೇಳ್ತಾರೆ. ಆಮೇಲೆ ಆ್ಯಪ್ ಕಿತ್ತು ಎಸೀತಾರೆ. ಯಾವಾಗ ಬೇಕಾದ್ರೂ ಏಳಬಹುದು ಅಂತ ಗೊತ್ತಿದ್ರೇನೇ ಯಾರಾದ್ರೂ ನಿಜವಾಗಿ ಕಣ್ಣು ಮುಚ್ಚೋದು."

ಬಾಸ್ ಗಲ್ಲ ಕೆರೆದುಕೊಂಡರು. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ, ಆಯ್ತು ಇಡ್ರಪ್ಪ ಆ ಗುಂಡೀನ, ಅಂತ ಗೊಣಗುತ್ತಾ ಹೊರಟರು. ಉಳಿದವರೂ ಹಿಂದೆಯೇ ನಡೆದರು.

ಅವನೊಬ್ಬ ಕೂತಲ್ಲೇ ಕೂತಿದ್ದ. ಪೂರ್ತಿ ಎಚ್ಚರ... ಪೂರ್ತಿ! ಕಿವಿ ಕೆಂಪಾದವು. ಹಾಗಾದರೆ ತಾನು ಹೇಳಿದ್ದು?

ಅವಳು ಗಂಟಲು ಸರಿಮಾಡಿಕೊಂಡು ಅವನ ದನಿಯನ್ನೇ ಅನುಕರಿಸಿದಳು. "ಎಲ್ಲರ ದನಿ ಬರುತ್ತೆ ನನಗೆ..."

ಥೇಟ್ ನೆಗಡಿಯಾದ ಕಪ್ಪೆ!

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಮಧ್ಯದಲ್ಲೇ ನಿಲ್ಲಿಸೋದಲ್ವಾ?"

"ಹೇಗೆ ನಿಲ್ಲಿಸಲಿ? ಗುಂಡಿ ಇರಲಿಲ್ಲವಲ್ಲ." ಅವಳ ದನಿ ಮೆತ್ತಗಾಯಿತು. "ಇದ್ದಿದ್ರೂ ಮುಟ್ತಿರಲಿಲ್ಲ ಕಣೋ."

ಬೆರಳ ಸಂದಿಯಿಂದ ಅವಳನ್ನು ನೋಡಿದ. ಮೊದಲು ಭುಜ ಅಲುಗಿತು, ಆಮೇಲೆ ಕುರ್ಚಿಯೇ ಅಲುಗಿತು. ಅವಳೂ ನಕ್ಕಳು, ಬಾಗಿಲಲ್ಲಿ ಇಣುಕಿದ ಭಾವನೂ ನಕ್ಕರು. ಆದರೆ ಗಾಜಿನ ಗೋಡೆ ಅದುರುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕವನು ಮೋಸಹೋದ ಅವನೇ.