ಪರೀಕ್ಷೆಗೆ ನಿಲುಕದ್ದು

“ಇರೋ ರಕ್ತಾನ ನಿಲ್ಲವಲ್ದು. ಅದರಾಗ ಈ ಮನಿಷ್ಯಾ ಮತ್ತ ಸೂಜಿ ಚುಚ್ಚಿ ತೆಗೀತೀನಂತಾನ. ಇವನಿಗೆ ಬುದ್ಧಿ ಐತೇನಣ್ಣ?”

ಆದವಾನಿಯ ಆಸ್ಪತ್ರೆಗೆ ಬಂದ ಹೊಸ ಡಾಕ್ಟರಿಗೆ ಕನ್ನಡ ಬರುವುದಿಲ್ಲ ಎಂದು ಮಹಾಂತಮ್ಮ ನಂಬಿಬಿಟ್ಟಿದ್ದಳು. ಅದುವರೆಗೆ ಆತ ಮಾತಾಡಿದ್ದೆಲ್ಲ ತೆಲುಗಿನಲ್ಲೇ. ಆ ಡಾಕ್ಟರ್ ಎರ್ರಿಸ್ವಾಮಿ, ಕುದಿಸಿದ ಸೂಜಿಯನ್ನು ಇಕ್ಕಳದಿಂದ ಎತ್ತುತ್ತ, ತಲೆ ಎತ್ತದೆ ಹೇಳಿದ:

“ಸ್ವಲ್ಪ ಐತ್ರಿ. ನಮ್ಮೂರು ಕೋಸಗಿ. ಅಲ್ಲಿಂದ ಬರುವಾಗ ತಂದಿದ್ದೆ, ಮದ್ರಾಸಿನಾಗ ಓದುವಾಗ ಅರ್ಧ ಖರ್ಚಾತು.”

ಬಾಯಲ್ಲಿ ಅರಳೆ ಒತ್ತಿಕೊಂಡು ಕೂತಿದ್ದ ಪಂಪಣ್ಣ ನಗಲು ಹೋಗಿ ಮುಖ ಹಿಂಡಿದ. ಹಲ್ಲು ಕೀಳಿಸಿದ ಮೇಲೆ ಅವನ ಒಸಡು ಜಿನುಗುವುದು ನಿಂತೇ ಇರಲಿಲ್ಲ. ತಂಗಿ ಮಹಾಂತಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಸೆರಗಿನ ಮೇಲಿನಿಂದ ಕಾಣುತ್ತಿದ್ದ ಎರಡು ಕಣ್ಣುಗಳಲ್ಲಿ ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಎರ್ರಿಸ್ವಾಮಿ, ಆಗಲೇ ಕುದಿಸಿದ್ದ ಸೂಜಿಯನ್ನು ಮರೆತು ಮತ್ತೆ ಕುದಿಯುವ ನೀರಿಗೆ ಹಾಕಿದ.

ಪಂಪಣ್ಣನ ರಕ್ತವನ್ನು ಒಂದು ಗಾಜಿನ ನಳಿಕೆಗೆ ಹಾಕಿದ. ಹೋಲಿಸಿ ನೋಡಲು ತನ್ನದೇ ತೋಳಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದ. ಆಗಾಗ ಎರಡನ್ನೂ ಓರೆ ಮಾಡಿ ನೋಡುವುದು, ಅಷ್ಟೇ ಪರೀಕ್ಷೆ. ಮಹಾಂತಮ್ಮ ಸಿಟ್ಟು ಮರೆತು ಹತ್ತಿರ ಬಂದು ಬಗ್ಗಿದಳು. ಅವಳ ಜಡೆ ಮೇಜಿನ ಮೇಲೆ ಜಾರಿತು. ಆಕೆ ನಳಿಕೆ ನೋಡುತ್ತಿದ್ದಳು. ಆತ ನಳಿಕೆಯನ್ನೇ ನೋಡಬೇಕೆಂದು ಕಷ್ಟಪಡುತ್ತಿದ್ದ.

“ನಿಮ್ಮದು ಮೊಸರಿನಂಗ ಹೆಪ್ಪಾತು ನೋಡ್ರಿ,” ಎಂದಳು. “ನಮ್ಮಣ್ಣಂದು ಹಾಲಿದ್ದಂಗ ಐತಿ. ಯಾಕ್ರಿ?”

ಯಾಕೆಂದು ಅವನಿಗೆ ಆಗಲೇ ಅಂದಾಜಾಗಿತ್ತು. ಹೀಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದದ್ದೊಂದು ಹುಟ್ಟಿನಿಂದಲೇ ಇಲ್ಲದ ಜಡ್ಡು. ಅದಕ್ಕೆ ಮದ್ದಿಲ್ಲ, ಬೇರೆಯವರ ತಾಜಾ ರಕ್ತ ಕೊಟ್ಟು ಆ ಹೊತ್ತಿಗೆ ಪಾರು ಮಾಡಬಹುದು. ರಕ್ತದ ಗುಂಪು ನೋಡಿದರೆ ಎರ್ರಿಸ್ವಾಮಿಯದೇ ಹೊಂದಿತು. ಅವನು ಪಕ್ಕದ ಮಂಚದ ಮೇಲೆ ಮಲಗಿ ರಕ್ತ ಕೊಟ್ಟ. ಸಂಜೆಯ ಹೊತ್ತಿಗೆ ಪಂಪಣ್ಣನ ಒಸಡು ಜಿನುಗುವುದು ನಿಂತಿತು.

“ನಿಮ್ಮ ರಕ್ತ ಸೇರಿತಲ್ಲ, ಇನ್ನ ನಮ್ಮಣ್ಣನೂ ಎದುರಿಗೆ ಬಂದೋರಿಗೆಲ್ಲ ನಿಮ್ಮಂಗ ತೆಲುಗಿನಾಗ ‘ಏಮಂಡಿ, ಏಮಂಡಿ’ ಅಂತಾನೇನ್ರಿ?” ಎಂದಳು ಮಹಾಂತಮ್ಮ, ಮಜ್ಜಿಗೆಯ ಲೋಟ ಅವನ ಮುಂದೆ ಹಿಡಿದು.

“ಅಷ್ಟರಾಗ ಮುಗಿದ್ರ ಬಾಳ ಚಲೋ. ನನ್ನ ರಕ್ತದಾಗ ಇನ್ನೂ ಏನೇನೋ ಐತಿ.”

“ಏನೈತಿ?”

ಅವನು ಮಜ್ಜಿಗೆ ಕುಡಿದು ಮುಗಿಸಿ, ಖಾಲಿ ಲೋಟ ಅವಳ ಕೈಗೆ ಕೊಟ್ಟ.

ಹತ್ತಿ ಸುಗ್ಗಿ ಮುಗಿಯುವವರೆಗೂ ಪಂಪಣ್ಣನ ಮೊಣಕಾಲು ಮತ್ತೆ ಮತ್ತೆ ಬಾತುಕೊಂಡಿತು. ಒಳಗೇ ರಕ್ತ ಸೋರುತ್ತಿತ್ತು. ಪ್ರತಿ ಸಲ ಅಣ್ಣನನ್ನು ಬಂಡಿಯಲ್ಲಿ ಕರೆತರುತ್ತಿದ್ದವಳು ಮಹಾಂತಮ್ಮನೇ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಹಾದಿಯಲ್ಲಿ ಬರುವಾಗ ಆಕೆಯ ಕೂದಲಿಗೆ ಅರಳೆಯ ಎಳೆಗಳು ಅಂಟಿರುತ್ತಿದ್ದವು. “ತಲಿ ಮ್ಯಾಲ ಅರಳಿ ಐತಿ,” ಎಂದು ಅವನು ಹೇಳುತ್ತಿದ್ದ. “ಎಲ್ಲಿ?” ಎಂದು ಆಕೆ ಬೇಕೆಂದೇ ಬೇರೆ ಕಡೆ ತಡವುತ್ತಿದ್ದಳು. ತೆಗೆಯಲು ಅವನಿಗೆ ಧೈರ್ಯವಿರಲಿಲ್ಲ. ಆಕೆಗೆ ಅದು ಗೊತ್ತಿತ್ತು.

ಒಂದು ದಿನ ತಾಯಿ ಅಂಬಮ್ಮ ಜೊತೆಗೆ ಬಂದಳು. ಮನೆತನದ ವಿಚಾರ ಕೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ನನ್ನ ತಮ್ಮ ಹಿಂಗಾ ಹೋದನ್ರಿ, ಬಂಡಿಯಿಂದ ಬಿದ್ದು. ನಮ್ಮಕ್ಕನ ಮಗ ತೊಟ್ಟಿಲು ಬಿಟ್ಟು ಇಳಿಯೋ ಮುಂಚೆ ಹೋದ. ಬರೇ ಗಂಡಸರನ್ನ ತಿಂತೈತ್ರಿ ಇದು.”

ಎರ್ರಿಸ್ವಾಮಿ ಅದನ್ನು ಬರೆದುಕೊಂಡ. ಗಂಡುಮಕ್ಕಳನ್ನು ಕಾಡುವ ಈ ಜಡ್ಡು ಸಾಗಿಬರುವುದು ಹೆಣ್ಣುಮಕ್ಕಳ ಮೂಲಕ, ಅವರಲ್ಲಿ ಕಾಣಿಸಿಕೊಳ್ಳದೆಯೇ, ಎಂದು ಅವನು ಓದಿದ್ದ. ಅಂಬಮ್ಮನಲ್ಲಿ ಅದು ಇತ್ತು. ಮಗಳಿಗೆ ಇಳಿದಿರಬಹುದು, ಇಳಿಯದೆಯೂ ಇರಬಹುದು. ಎರಡಕ್ಕೂ ಸಮನಾದ ಸಾಧ್ಯತೆ.

ಮರುದಿನ ವರಾಂಡದಲ್ಲಿ ಮಹಾಂತಮ್ಮ ಕಂಬಕ್ಕೆ ಒರಗಿ ಹೇಳಿದಳು: “ಅವ್ವ ನಿಮ್ಮ ಮನಿಯವರ ಬಗ್ಗೆ ಕೇಳಾಕತ್ತಾಳ. ಸಂಬಂಧ ಕೇಳಾಕ ಕೋಸಗಿಗೆ ಯಾರನ್ನ ಕಳಿಸಬೇಕಂತ.”

ಎಷ್ಟೋ ದಿನಗಳಿಂದ ಕಾದಿದ್ದ ಮಾತು. ಆದರೆ ಅವನು ಅವಳ ಕಣ್ಣು ತಪ್ಪಿಸಿ ವಾರ್ಡಿನ ಕಡೆ ನೋಡಿದ.

ಆಕೆಯ ಮುಖ ಸಣ್ಣದಾಯಿತು. “ತಪ್ಪು ತಿಳಕೊಂಡಿದ್ದೆ ಅನಸ್ತೈತಿ. ಬಿಡ್ರಿ.”

“ಹಂಗಲ್ಲ, ನಿಂದ್ರು,” ಎಂದ. ಆ ಜಡ್ಡು ಅವಳಲ್ಲೂ ಅಡಗಿರಬಹುದು, ಮುಂದೆ ಹುಟ್ಟುವ ಗಂಡುಮಗುವಿಗೆ ಇಳಿಯಬಹುದು ಎಂಬುದನ್ನೆಲ್ಲ ಹೇಳಿದ. ಆಕೆ ಕೊನೆಯವರೆಗೂ ಕೇಳಿದಳು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿ ತೋಳು ಚಾಚಿದಳು.

“ನಂದೂ ತೆಗೀರಿ.”

ಅವಳ ರಕ್ತ ನಳಿಕೆಯಲ್ಲಿ ನಿಂತಿತು. ಓರೆ ಮಾಡಿದರೂ ಹರಿಯಲಿಲ್ಲ. “ಹೆಪ್ಪಾತು!” ಎಂದು ಆಕೆ ಕೂಗಿಯೇಬಿಟ್ಟಳು. “ನೋಡ್ರಿ, ನಿಮ್ಮದಿದ್ದಂಗ! ನನಗ ಇಲ್ಲಾ ಇಲ್ಲ!” ಸಂತೋಷದಲ್ಲಿ ಅವನ ತೋಳು ಹಿಡಿದಿದ್ದಳು.

ಸುಳ್ಳು ಹೇಳಿಬಿಡಬಹುದಿತ್ತು. ಎದುರಿಗಿದ್ದ ಆ ಮುಖಕ್ಕಾಗಿ ಅವನು ಇದೊಂದನ್ನು ಬಿಟ್ಟು ಬೇರೆ ಯಾವ ಸುಳ್ಳನ್ನಾದರೂ ಹೇಳುತ್ತಿದ್ದ.

“ಮಾಂತಿ,” ಎಂದ ಮೆಲ್ಲಗೆ. ಹಾಗೆ ಕರೆದದ್ದು ಅದೇ ಮೊದಲು. “ನಿಮ್ಮವ್ವಂದು ತೆಗೆದ್ರೂ ಹಿಂಗಾ ಹೆಪ್ಪಾಗತೈತಿ. ಹೆಣ್ಣುಮಕ್ಕಳ ಒಳಗ ಇದ್ರೂ ಈ ಪರೀಕ್ಷಾದಾಗ ಅದು ಕಾಣಂಗಿಲ್ಲ.”

ಆಕೆಯ ಕೈ ಅವನ ತೋಳಿನಿಂದ ಜಾರಿತು.

ಅವನು ರಜೆ ಹಾಕಿ ಮದ್ರಾಸಿಗೆ ಹೋದ. ತನಗೆ ಕಲಿಸಿದ ಪ್ರೊಫೆಸರರ ಮುಂದೆ ವಿದ್ಯಾರ್ಥಿಯಂತೆ ನಿಂತು, ಯಾವ ದೇಶದಲ್ಲಾದರೂ ಬೇರೆ ಪರೀಕ್ಷೆ ಇದೆಯೇ ಎಂದು ಕೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಖಚಿತವಾಗಿ ಹೇಳುವಂಥದ್ದು ಇನ್ನೂ ಇಲ್ಲ, ಮುಂದೊಂದು ದಿನ ಬಂದೀತು, ಎಂದರು. ರೈಲಿನಲ್ಲಿ ಹಿಂದಿರುಗುವಾಗ ಆ ‘ಮುಂದೊಂದು ದಿನ’ವನ್ನು ಆಕೆಗೆ ಹೇಗೆ ಹೇಳಲಿ ಎಂದು ತೋಚದೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ.

ಆಕೆಗೆ ಹೇಳುವ ಅಗತ್ಯವೇ ಬೀಳಲಿಲ್ಲ; ಅವನ ಮುಖ ನೋಡಿದಳು, ಸಾಕಾಯಿತು. ಪಂಪಣ್ಣ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದ. ಬಾಗಿಲ ಹೊರಗೆ ಅವರಿಬ್ಬರೂ ನಿಂತಿದ್ದರು.

“ಮಕ್ಕಳು ಬ್ಯಾಡ. ನಾವಿಬ್ಬರಾ ಇರೋಣು,” ಎಂದ ಎರ್ರಿಸ್ವಾಮಿ.

“ಇವತ್ತು ಅಂತೀರಿ. ನಾಳೆ ನಿಮ್ಮವ್ವ ತೊಟ್ಟಿಲು ಕಟ್ಟಬೇಕಂತಾಳ. ನಾನೂ ಆಸಿ ಪಡತೀನಿ, ಕಲ್ಲಲ್ಲ ನಾನು.” ಆಕೆಯ ದನಿ ಏರಿತು. “ಹಿಂತಾ ಮಗನ್ನ ಹಡೆಯೋದಕ್ಕಿಂತ ಒಬ್ಬಾಕಿನಾ ಇರೋದು ಚಲೋ. ನಮ್ಮವ್ವ ಪಟ್ಟಿದ್ದು ನೋಡೀನಿ.”

ಒಳಗಿನಿಂದ ಪಂಪಣ್ಣನ ದನಿ ಬಂತು. ಸಿಟ್ಟಿರಲಿಲ್ಲ ಅದರಲ್ಲಿ.

“ಮಾಂತಿ, ನಾನು ಹುಟ್ಟಬಾರದಿತ್ತೇನವಾ?”

ಆಕೆ ಬಾಗಿಲು ಹಿಡಿದುಕೊಂಡಳು.

“ಕಾಲು ನೋಯತೈತಿ, ಖರೆ,” ಎಂದ ಪಂಪಣ್ಣ. “ಆದ್ರ ನೋವು ಇಲ್ಲದ ದಿನಾನೂ ಇರ್ತಾವ. ಅವನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ ನೋಡು.”

ಮಹಾಂತಮ್ಮ ಓಡಿಹೋಗಿ ಅಣ್ಣನ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಎಲ್ಲಿ ಭಾರ ಬಿದ್ದು ನೋಯುವುದೋ ಎಂದು ಅಳುವಾಗಲೂ ತಲೆಯನ್ನು ಅರ್ಧ ಎತ್ತಿಯೇ ಹಿಡಿದಿದ್ದಳು. ಅದನ್ನು ನೋಡಲಾರದೆ ಎರ್ರಿಸ್ವಾಮಿ ಹೊರಗೆ ನಡೆದ.

ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದವನ ಬಳಿ ಆಕೆ ಬಂದಾಗ ಬಿಸಿಲು ಇಳಿದಿತ್ತು. ಕೇಳದೆಯೇ ಪಕ್ಕದಲ್ಲಿ ಕೂತಳು.

“ನನಗ ಬಾಳ ಅಂಜಿಕಿ ಐತ್ರಿ.”

“ನನಗೂ ಐತಿ.”

“ಡಾಕ್ಟರಾಗಿ ಹಂಗಂದ್ರ ಹೆಂಗ? ಏನರ ಹೇಳ್ರಿ.”

“ಹೇಳಾಕ ನನ್ನ ಹತ್ರ ಏನೂ ಇಲ್ಲ ಮಾಂತಿ. ಔಷಧ ಇಲ್ಲ, ಪರೀಕ್ಷಾ ಇಲ್ಲ. ನೀ ಬೇಕು ಅನ್ನೋದೊಂದು ಗೊತ್ತೈತಿ.”

ಆಕೆ ತನ್ನ ತೋಳಿನ ಮೇಲಿನ ನೀಲಿ ನರವನ್ನೇ ನೋಡುತ್ತ ಕೂತಳು, ಅಲ್ಲಿ ಹರಿಯುವುದು ಏನಾದರೂ ಹೇಳೀತೇನೋ ಎಂಬಂತೆ. ಆಮೇಲೆ ಆ ತೋಳನ್ನೇ ಅವನ ತೋಳಿಗೆ ಒತ್ತಿ ಇಟ್ಟಳು.

“ಕೋಸಗಿಗೆ ಯಾರನ್ನೂ ಕಳಿಸೋದು ಬ್ಯಾಡ,” ಎಂದಳು. “ನಾನಾ ಬರತೀನಿ. ನಿಮ್ಮವ್ವಗ ಎಲ್ಲಾ ನಾನಾ ಹೇಳತೀನಿ. ನೀವು ಬಾಜೂಕ ನಿಂತಿರ್ರಿ, ಸಾಕು.”