ರಸೀದಿ ಕೊಟ್ಟ ದರೋಡೆ

ಮೊಣಕೈ ನನ್ನ ಗಂಟಲಿನ ಮೇಲಿತ್ತು.

ಬೆನ್ನಿಗೆ ಬ್ಯಾಂಕಿನ ಮೆಟ್ಟಿಲ ಗೋಡೆ. ಎದುರಿಗೆ ಇಬ್ಬರು. ಒಬ್ಬ ದಪ್ಪ, ಇನ್ನೊಬ್ಬ ಮೀಸೆ. ಯೂನಿಫಾರ್ಮ್ ಕಾಣದಿರಲಿ ಎಂದು ಮೇಲೆ ಜಾಕೆಟ್ ಏರಿಸಿಕೊಂಡಿದ್ದರು. ಆದರೆ ಬೂಟು? ಬೂಟು ಸುಳ್ಳು ಹೇಳುವುದಿಲ್ಲ ಸ್ವಾಮಿ! ಬಟ್ಟೆ ಫ್ಯಾಕ್ಟರಿಯ ಗೇಟ್ ಕಾಯುವವರ ಬೂಟು ಅದು.

"ಡಿ.ಡಿ. ಎಲ್ಲಿ?" ಅಂದ ಮೀಸೆ.

"ಯಾವ ಡಿ.ಡಿ.?"

ಮೊಣಕೈ ಇನ್ನೊಂದು ಇಂಚು ಒಳಗೆ ಹೋಯಿತು.

"ಓ... ಆ ಡಿ.ಡಿ.ನಾ!"

ಆಗ ಗಂಟೆ ನಾಲ್ಕು ಹತ್ತು. ಬ್ಯಾಂಕಿನ ಶಟರ್ ಎಳೆದು ಹತ್ತು ನಿಮಿಷವಾಗಿತ್ತು. ಕೆಲಸದ ವ್ಯಾಜ್ಯ ಕೇಳುವ ಟ್ರಿಬ್ಯುನಲ್‌ನ ಕೌಂಟರ್ ಮುಚ್ಚುವುದು ಐದಕ್ಕೆ. ಅವತ್ತು ಅಪೀಲಿನ ಗಡುವಿನ ಮೂವತ್ತನೇ ದಿನ. ಮೂವತ್ತೊಂದನೇ ದಿನ ಅಪೀಲು ಹಾಕಲು ಹೋದರೆ ಬಾಗಿಲ ಬಳಿಯ ಬೆಕ್ಕೂ ತಿರುಗಿ ನೋಡುವುದಿಲ್ಲ.

ನಾನು ಯಾರು ಅಂತೀರಾ? ಹನ್ನೆರಡು ವರ್ಷ ಅದೇ ಟ್ರಿಬ್ಯುನಲ್‌ನಲ್ಲಿ ಗುಮಾಸ್ತನಾಗಿದ್ದೆ. ಮೇಲಿನವರೊಬ್ಬರಿಗೆ ಎದುರು ಮಾತಾಡಿ ಕೆಲಸ ಕಳೆದುಕೊಂಡೆ. ಅದರ ವಿರುದ್ಧ ಅಪೀಲು ಹಾಕಲು ಹೋದೆ. ಒಂದು ದಿನ ತಡವಾಗಿತ್ತು! ನಗಬೇಡಿ... ಆಗ ಇಡೀ ಆಫೀಸು ನಕ್ಕಿದೆ. ಅಂದಿನಿಂದ ಅದೇ ಕಟ್ಟಡದ ಎದುರು ನಿಂತು, ಇನ್ನೊಬ್ಬರ ಅಪೀಲು ಹೊತ್ತಿಗೆ ಸರಿಯಾಗಿ ಒಳಗೆ ಸೇರಿಸುವುದೇ ನನ್ನ ದಂಧೆ. ಜನ ಅಪೀಲಣ್ಣ ಅಂತಾರೆ.

ಈ ಸಲದ ಗಿರಾಕಿ ಲೇಬಲ್ ಅಕ್ಕ. ಹತ್ತೊಂಬತ್ತು ವರ್ಷ ಆ ಫ್ಯಾಕ್ಟರಿಯಲ್ಲಿ ಅಂಗಿಗಳ ಕಾಲರಿನ ಲೇಬಲ್ ಓದಿ ಪಾಸ್ ಮಾಡಿದವಳು. ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಚುಕ್ಕೆ ತಪ್ಪಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಒಂದು ಸಂಜೆ ಗೇಟಿನಲ್ಲಿ ಅವಳ ಬ್ಯಾಗಿನಿಂದ ಕತ್ತರಿ ಸಿಕ್ಕಿತು. ಅವಳದೇ ಕತ್ತರಿ! ಮನೆಯಿಂದ ತಂದದ್ದು. ಆದರೆ ಗೇಟ್ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಸಾಮಾನು ಕಳ್ಳ ಸಾಮಾನು ಎಂದರು. ವಜಾ! ಮೊದಲ ಸುತ್ತಿನಲ್ಲಿ ಟ್ರಿಬ್ಯುನಲ್ಲೂ ಹೌದು ಹೌದು ಎಂದಿತು.

"ಕೆಲಸ ಹೋದ್ರೆ ಹೋಗ್ಲಿ ಅಣ್ಣಾ," ಅಂದಿದ್ದಳು. "ಆ ಕಾಗದದಲ್ಲಿ ಕಳ್ಳತನ ಅಂತ ಬರ್ದಿದಾರಲ್ಲ, ಅದು ಹೋಗ್ಬೇಕು. ನನ್ನ ಮಗಳು ಅದನ್ನ ಓದಿದಾಳೆ."

ನಾನು ಕಲ್ಲೆದೆಯವನು ಎಂದು ಹೆಸರಿದೆ. ಆದರೂ ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಅಪೀಲಿನ ಕಟ್ಟು ಹಿಡಿದು ಅವಳು ಆಗಲೇ ಟ್ರಿಬ್ಯುನಲ್‌ನ ಕ್ಯೂನಲ್ಲಿದ್ದಳು. ಫೀಸಿನ ಡಿ.ಡಿ. ತರುವುದು ನನ್ನ ಕೆಲಸ. ಫೀಸಿಲ್ಲದೆ ನಂಬರಿಲ್ಲ. ನಂಬರಿಲ್ಲದೆ ಅಪೀಲಿಲ್ಲ. ಫ್ಯಾಕ್ಟರಿ ಮ್ಯಾನೇಜರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಈ ಎರಡು ಬೂಟು!

ದಪ್ಪ ನನ್ನ ಜೇಬಿಗೆ ಕೈ ಹಾಕಿ ಡಿ.ಡಿ. ಕಿತ್ತುಕೊಂಡ.

"ನಡಿಯೋ, ಹೋಗಣ," ಅಂದ.

"ತಾಳು," ಅಂದ ಮೀಸೆ. ಬೆಲ್ಟಿಗೆ ಸಿಕ್ಕಿಸಿದ್ದ ಪುಸ್ತಕವೊಂದನ್ನು ಹೊರಗೆಳೆದ. "ಚೀಟಿ ಬರೀಬೇಕು."

"ಇಲ್ಲೂ ಚೀಟಿನಾ? ಬಿಡೋ ಮಾರಾಯ!"

"ಚೀಟಿ ಇಲ್ದೆ ಐಟಂ ಗೇಟಿನೊಳಗೆ ತಗೊಂಡೋದ್ರೆ ಸೂಪರ್‌ವೈಸರ್ ನಮ್ಮನ್ನೇ ಕಳ್ಳರು ಅಂತಾನೆ. ಆ ಲೇಬಲಮ್ಮನ ಗತಿ ನೋಡ್ಲಿಲ್ವಾ?"

ದಪ್ಪ ಯೋಚಿಸಿದ. ಯೋಚನೆ ಅವನಿಗೆ ಹೊಸ ಕೆಲಸ. "ಅದೂ ನಿಜಾನೇ," ಅಂದ.

ನಾನು ಉಸಿರು ಬಿಗಿಹಿಡಿದೆ. ಭಯಕ್ಕಲ್ಲ ಸ್ವಾಮಿ... ನಗು ತಡೆಯಲಿಕ್ಕೆ!

ಮೀಸೆ ಮೆಟ್ಟಿಲ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ದುಂಡಗೆ ಬರೆದ.

"ಐಟಂ... ಡಿ.ಡಿ., ಒಂದು. ಯಾರಿಂದ?"

"ಅಪೀಲಣ್ಣನಿಂದ," ಅಂದೆ.

"ಟೈಮು... ನಾಲ್ಕು ಹದಿನಾಲ್ಕು. ವಶಕ್ಕೆ ಕಾರಣ?"

"ಮ್ಯಾನೇಜರ್ ಸಾಹೇಬ್ರ ಆದೇಶ ಅಂತ ಬರಿ," ಅಂದೆ. "ನಾಳೆ ನಿಮ್ಮ ಮೇಲೆ ಯಾಕೆ ಬರ್ಬೇಕು?"

"ಒಳ್ಳೇ ಮನುಷ್ಯ ಕಣೋ ಇವ್ನು," ಅಂದ ದಪ್ಪ. ಮೊಣಕೈ ತೆಗೆದ.

ಮೀಸೆ ಸಹಿ ಹಾಕಿದ. ನನ್ನಿಂದಲೂ ಹಾಕಿಸಿಕೊಂಡ. ಸೀಲು ಒತ್ತಿದ. "ಗುಲಾಬಿ ಕಾಪಿ ನಿಂಗೆ. ಕಳೀಬೇಡ!"

ಕಳೆಯುವುದುಂಟೇ?

ಟ್ರಿಬ್ಯುನಲ್ ನಿಯಮಗಳಲ್ಲಿ ಹದಿನೇಳನೆಯದು ಒಂದಿದೆ. ತಂದ ಫೀಸನ್ನು ಬೇರೆಯವರು ವಶಪಡಿಸಿಕೊಂಡರೆ, ವಶಪಡಿಸಿಕೊಂಡವರೇ ಕೊಟ್ಟ ಲಿಖಿತ ಪುರಾವೆ ಇದ್ದರೆ, ಅಪೀಲಿಗೆ ಅಂದೇ ನಂಬರ್ ಕೊಡಬೇಕು. ಫೀಸು ಕಟ್ಟಲು ಏಳು ದಿನ ಅವಕಾಶ. ಅಲ್ಲಿ ಗುಮಾಸ್ತನಾಗಿದ್ದಾಗ ಅದನ್ನು ಓದಿ ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. ಯಾವ ಕಳ್ಳ ರಸೀದಿ ಕೊಡುತ್ತಾನೆ?

ಮೆಟ್ಟಿಲಿಳಿದು ಬೀದಿಗೆ ಬಂದೆ. ಹಿಂದಿನಿಂದ ಮೀಸೆಯ ಫೋನ್ ಕೇಳಿಸಿತು. ಸ್ಪೀಕರ್ ಹಾಕಿದ್ದ, ಪುಣ್ಯಾತ್ಮ.

"ಆಯ್ತು ಸಾರ್. ಡಿ.ಡಿ. ಸಿಕ್ತು. ಚೀಟಿನೂ ಕೊಟ್ವಿ ಸಾರ್!"

ಆಮೇಲೆ ಇಡೀ ಬೀದಿಗೆ ಕೇಳುವಂತೆ ಮ್ಯಾನೇಜರನ ದನಿ.

"ಚೀಟಿ ಕೊಟ್ರಾ?! ಅಯ್ಯೋ ಕತ್ತೆಗಳಾ! ಹಿಡೀರೋ ಅವ್ನನ್ನ!"

ಓಡಿದೆ!

ಲಾಂಡ್ರಿ ಗಾಡಿ ದಾಟಿದೆ. ಹಣ್ಣಿನ ಬುಟ್ಟಿ ಹಾರಿದೆ. "ಕಣ್ಣಿಲ್ವೇನೋ!" ಅಂತ ಯಾರೋ ಬೈದರು. ಕಣ್ಣಿತ್ತು, ಪುರುಸೊತ್ತಿರಲಿಲ್ಲ. ಸಿಗ್ನಲ್ ಕೆಂಪು. ಬಸ್ಸಿನ ಮೂತಿಯ ಮುಂದೆಯೇ ನುಗ್ಗಿದೆ. ಬ್ರೇಕು ಕಿರುಚಿತು. ಹಿಂದೆ ನಾಲ್ಕು ಬೂಟು... ಧಡ್ ಧಡ್ ಧಡ್! ಐವತ್ತೆರಡರ ವಯಸ್ಸು, ಮಂಡಿ ನೋವು ಬೇರೆ. ಎದೆ ಬಾಯಿಗೆ ಬಂದಿತ್ತು. ಬಿದ್ದರೆ ಅಕ್ಕ ಸಾಯುವ ತನಕ ಕಳ್ಳಿ. ಬೀಳಲಿಲ್ಲ.

ಟ್ರಿಬ್ಯುನಲ್ ಗೇಟು. ಅಲ್ಲಿನ ಮುದಿ ಗಾರ್ಡ್ ನನ್ನ ಹಳೇ ದೋಸ್ತ್. ಕೈ ಬೀಸಿ ಒಳಗೆ ಬಿಟ್ಟ. ಅವರಿಬ್ಬರಿಗೆ ಮಾತ್ರ ರಿಜಿಸ್ಟರ್ ಚಾಚಿದ.

"ಹೆಸ್ರು, ಎಲ್ಲಿಂದ ಬಂದ್ರಿ, ಯಾರನ್ನ ನೋಡ್ಬೇಕು, ಟೈಮು... ಬರ್ದು ಸಹಿ ಹಾಕಿ."

ಬೇರೆ ಯಾವ ರೌಡಿಯಾದರೂ ತಳ್ಳಿಕೊಂಡು ಹೋಗುತ್ತಿದ್ದ. ಇವರು ನಿಂತರು! ತಮ್ಮಂತೆಯೇ ಗೇಟ್ ಕಾಯುವವನ ರಿಜಿಸ್ಟರಿಗೆ ಅವಮಾನ ಮಾಡುವುದು ಹೇಗೆ? ಮೀಸೆ ಪೆನ್ನು ಹುಡುಕತೊಡಗಿದ. ನಾನು ಮೂರನೇ ಮಹಡಿಗೆ ಏರಿದೆ. ಲಿಫ್ಟು ಕೆಟ್ಟಿತ್ತು. ನನ್ನ ಕಾಲದಲ್ಲೂ ಕೆಟ್ಟೇ ಇತ್ತು.

ನಾಲ್ಕು ಐವತ್ತೆರಡು. ಕೌಂಟರಿನ ಕಿಂಡಿ ಅರ್ಧ ಮುಚ್ಚಿತ್ತು. ಅಕ್ಕ ಅದರೊಳಗೆ ತನ್ನ ಕೈ ಇಟ್ಟು ನಿಂತಿದ್ದಳು. ಮುಚ್ಚುವುದಾದರೆ ಬೆರಳ ಮೇಲೇ ಮುಚ್ಚಲಿ ಎಂಬಂತೆ.

"ಫೀಸು?" ಅಂದ ಒಳಗಿದ್ದ ಗುಮಾಸ್ತ. ನಾವು ಅವನನ್ನು ಕನ್ನಡಕ ಅಂತಿದ್ದೆವು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಪೈಕಿ.

"ನಿಯಮ ಹದಿನೇಳು," ಅಂದೆ ಏದುಸಿರಲ್ಲಿ. ಗುಲಾಬಿ ಚೀಟಿ ತಳ್ಳಿದೆ.

ಕನ್ನಡಕ ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ.

"ಕತೆ ಕಟ್ತೀಯಾ? ಇದು ನೀನೇ ಬರ್ಕೊಂಡಿದ್ದು."

"ಅಲ್ಲ."

"ಪ್ರೂಫ್ ಏನು? ನಂಬರ್ ಕೊಡಕ್ಕಾಗಲ್ಲ. ಮುಗೀತು, ನಡಿ."

ಅಕ್ಕನ ಮುಖ ಬಿಳುಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದನ್ನು ಅವತ್ತು ಕಣ್ಣಾರೆ ಕಂಡೆ.

ಆಗ ಮೆಟ್ಟಿಲ ಮೇಲೆ ಬೂಟಿನ ಸದ್ದು.

"ಸಾರ್! ಆ ಚೀಟಿ ತಗೋಬೇಡಿ ಸಾರ್! ಅದು ನಮ್ದು!" ಮೀಸೆ ತೇಲುಗಣ್ಣು ಬಿಡುತ್ತ ಕೌಂಟರಿಗೆ ಒರಗಿದ.

ಕನ್ನಡಕ ತಲೆ ಎತ್ತಿದ. "ನಿಮ್ದಾ? ಬರ್ದೋರು ಯಾರು?"

"ನಾನೇ ಸಾರ್!"

"ಅಕ್ಷರ ದುಂಡಗಿದೆ."

"ಎಲ್ರೂ ಹಾಗೇ ಅಂತಾರೆ ಸಾರ್!" ಮೀಸೆ ಆ ಸುಸ್ತಿನಲ್ಲೂ ಅರಳಿದ.

"ಸಹಿ?"

"ನಂದೇ! ಸೀಲೂ ನಮ್ದೇ!"

"ಡಿ.ಡಿ.?"

"ಇಲ್ಲೇ ಇದೆ ಸಾರ್!" ದಪ್ಪ ಜೇಬಿನಿಂದ ತೆಗೆದು ತೋರಿಸಿಯೂ ಬಿಟ್ಟ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಸ್ವಾಮಿ... ಅಂಥವರು ಲೋಕಕ್ಕೆ ಬೇಕು!

ಕನ್ನಡಕ ಅಪೀಲಿನ ಕಟ್ಟು ಹತ್ತಿರಕ್ಕೆ ಎಳೆದುಕೊಂಡ. ಸೀಲು ಎತ್ತಿದ. ಟಪ್! ಅಪೀಲಿಗೆ ನಂಬರ್ ಬಿತ್ತು. ನಾಲ್ಕು ಐವತ್ತೆಂಟು.

ಅಕ್ಕ ಅಳುತ್ತಾಳೆ ಅಂದುಕೊಂಡೆ. ಅವಳು ಕನ್ನಡಕ ಸೀಲು ಒತ್ತಿ ಕೊಟ್ಟ ಚೀಟಿಯ ನಕಲನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದಳು. ಹತ್ತೊಂಬತ್ತು ವರ್ಷದ ಚಾಳಿ.

"ಅಣ್ಣಾ, ಅಡಿಯಲ್ಲಿ ಸಣ್ಣದಾಗಿ ಏನೋ ಅಚ್ಚಾಗಿದೆ."

"ನಂಗೆ ಗೆರೆ ಥರ ಕಾಣ್ಸುತ್ತೆ."

"ಗೆರೆ ಅಲ್ಲ. ಗೇಟ್ ಚೀಟಿ ಪದ್ಧತಿ ಜಾರಿಯಾದ ದಿನಾಂಕ." ಅವಳು ಬೆರಳಿಟ್ಟು ತೋರಿಸಿದಳು. "ನನ್ನ ತೆಗ್ದುಹಾಕಿ ಎರಡು ವಾರ ಆದ್ಮೇಲಿನ ತಾರೀಕು ಇದು!"

ಅರ್ಥವಾಯಿತೇ? ಇಲ್ಲದ ಚೀಟಿಯನ್ನು ತರಲಿಲ್ಲ ಎಂದು ಅವಳನ್ನು ಕಳ್ಳಿ ಮಾಡಿದ್ದರು. ಆಮೇಲೆ ಅಳುಕಿ ಚೀಟಿ ಪುಸ್ತಕ ಅಚ್ಚು ಹಾಕಿಸಿದ್ದರು. ಅದರ ಒಂದು ಹಾಳೆಯನ್ನು ತಾವೇ ತಂದು ನಮ್ಮ ಕೈಗಿಟ್ಟಿದ್ದರು!

ಹಳೇ ಡಿ.ಡಿ. ರದ್ದಾಗಿ ಹೊಸದು ನಾಲ್ಕನೇ ದಿನ ಬಂತು. ಮೂರು ತಿಂಗಳ ಮೇಲೆ ವಿಚಾರಣೆ. ಹನ್ನೊಂದೇ ನಿಮಿಷ. ಕಂಪನಿಯ ವಕೀಲರು ಚೀಟಿ ನೋಡಿ ನೀರು ಕೇಳಿದರು. ಕಳ್ಳತನ ಎಂಬ ಪದವನ್ನು ಹೊಡೆದುಹಾಕಿ ಆದೇಶವಾಯಿತು, ಕೆಲಸವೂ ವಾಪಸ್. ಅಕ್ಕ ಆ ಆದೇಶವನ್ನು ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕಣ್ಣಿಗೆ ಧೂಳು ಬಿದ್ದಿತ್ತು ಅಂದುಕೊಳ್ಳಿ.

ಮೊನ್ನೆ ಟ್ರಿಬ್ಯುನಲ್ ಎದುರು ಯಾರೋ ನನ್ನ ತೋಳು ಹಿಡಿದರು. ನೋಡಿದರೆ ಮೀಸೆ! ಮೀಸೆ ಇಳಿಬಿದ್ದಿತ್ತು. ಬೂಟಿರಲಿಲ್ಲ.

"ಕೆಲಸದಿಂದ ತೆಗ್ದುಬಿಟ್ರು ಸಾರ್. ಚೀಟಿ ಕೊಟ್ಟಿದ್ದಕ್ಕೆ! ಅಪೀಲು ಹಾಕ್ಬೇಕು."

"ಎಷ್ಟು ದಿನ ಆಯ್ತು?"

"ಇವತ್ತಿಗೆ ಮೂವತ್ತು."

"ಫೀಸು ತಂದಿದ್ಯಾ?"

"ಇಲ್ಲ ಸಾರ್."

"ಯಾರಾದ್ರೂ ಕಿತ್ಕೊಂಡ್ರಾ?"

"ಇಲ್ವಲ್ಲ ಸಾರ್..."

ವಾಚು ನೋಡಿದೆ. ನಾಲ್ಕು ಹದಿನಾಲ್ಕು.

"ಹಾಗಾದ್ರೆ ಬೇಗ ಹೋಗಿ ಒಬ್ಬ ಕಳ್ಳನ್ನ ಹುಡುಕು," ಅಂದೆ. "ಅಕ್ಷರ ದುಂಡಗಿರ್ಬೇಕು!"