ಗಿಡ ನೆಡುವ ಗುಂಡಿ

"ಈ ಗಿಡ ಇನ್ನೂ ಯಾಕೆ ಬದುಕಿದೆ?" ಎಂದು ಹೆಡ್‌ಮಾಸ್ಟರ್ ಕೇಳಿದರು.

ಡ್ರಿಲ್ ಮೇಷ್ಟ್ರು ಕೆಮ್ಮಿದರು. ಗಿಡ ಬದುಕಿದ್ದು ತನ್ನದೇ ತಪ್ಪೆನ್ನುವಂತೆ ಮಾಲಿ ತಾತ ಹಾರೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡ.

ಆ ಶಾಲೆಯಲ್ಲಿ ಪ್ರತಿ ವರ್ಷ 'ಕಾಡು ಉಳಿಸಿ' ದಿನ. ಪ್ರತಿ ವರ್ಷ ಒಂದು ಗಿಡ. ಪ್ರತಿ ವರ್ಷವೂ ಅದೇ ಗುಂಡಿ. ಅದು ವೇದಿಕೆಯ ಎದುರಿಗೇ ಇದೆ, ಮೈಕಿನ ವೈರು ಅಲ್ಲಿಯವರೆಗೆ ಬರುತ್ತದೆ, ಫೋಟೊದಲ್ಲಿ ಶಾಲೆಯ ಬೋರ್ಡೂ ಬೀಳುತ್ತದೆ. ನೆಟ್ಟ ಗಿಡ ತಿಂಗಳೊಳಗೆ ಒಣಗಿ ಕಡ್ಡಿಯಾಗುತ್ತಿತ್ತು. ಮುಂದಿನ ವರ್ಷಕ್ಕೆ ಗುಂಡಿ ತಾನಾಗಿಯೇ ಖಾಲಿ. ಹತ್ತು ವರ್ಷ ಹೀಗೆ ಸುಸೂತ್ರವಾಗಿ ನಡೆದಿತ್ತು.

ಈ ಸಲ ನೋಡಿದರೆ, ಕಳೆದ ವರ್ಷದ ಬಾದಾಮಿ ಗಿಡ ಸೊಂಟದೆತ್ತರ ಬೆಳೆದು, ಅಗಲವಾದ ಎಲೆ ಬಿಟ್ಟುಕೊಂಡು ಠೀವಿಯಿಂದ ನಿಂತಿದೆ. ಅತಿಥಿಗಳು ಬರಲು ಇನ್ನು ಒಂದೇ ಗಂಟೆ.

"ಕಿತ್ತುಬಿಡೋಣ ಸಾರ್," ಎಂದರು ಡ್ರಿಲ್ ಮೇಷ್ಟ್ರು.

"ಕಾಡು ಉಳಿಸಿ ಅನ್ನೋ ಬ್ಯಾನರ್ ಕೆಳಗೇನಾ?"

"ಬ್ಯಾನರ್ ಆಮೇಲೆ ಕಟ್ಟಿದ್ರಾಯ್ತು."

ಐದನೇ ತರಗತಿಯ ಸಾಲಿನಲ್ಲಿ ಒಬ್ಬಳು ತುದಿಗಾಲಲ್ಲಿ ನಿಂತು ಗಿಡವನ್ನೇ ನೋಡುತ್ತಿದ್ದಳು. ಹಾಜರಿಯನ್ನೂ ಪಿಸುಗುಟ್ಟಿಯೇ ಹೇಳುವ ಅವಳನ್ನು ಎಲ್ಲರೂ ಪಿಸಿಪಿಸಿ ಎಂದೇ ಕರೆಯುತ್ತಿದ್ದರು. ವರ್ಷವಿಡೀ ಗಿಡಕ್ಕೆ ತನ್ನ ಬಾಟಲಿಯ ನೀರು ಸುರಿದವಳು ಅವಳೇ. ನೀರು ಮಿಗಿಸಿಕೊಂಡು ಹೋದರೆ ಅಮ್ಮ ಬೈಯುತ್ತಿದ್ದಳು, ಅದಕ್ಕೆ. ಆದರೆ ರಜೆಯಲ್ಲೂ ಬಂದು ಹಾಕಿದ್ದು ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಮಾಲಿ ತಾತ ಒಲ್ಲದ ಮನಸ್ಸಿನಿಂದ ಹಾರೆ ಎತ್ತಿದ.

"ನಾನೇ ಸಾರ್," ಎಂದಳು ಪಿಸಿಪಿಸಿ.

"ಯಾರೋ ಏನೋ ಅಂದ ಹಾಗಾಯ್ತಲ್ಲ?" ಹೆಡ್‌ಮಾಸ್ಟರ್ ಸುತ್ತ ನೋಡಿದರು.

"ನಾನೇ ನೀರು ಹಾಕಿದ್ದು." ಈ ಸಲ ದನಿ ವೇದಿಕೆಯವರೆಗೂ ಹೋಯಿತು. ಅವಳಿಗೇ ಗಾಬರಿಯಾಯಿತು.

"ಹಾಕು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾರ್."

"ಯಾರೂ ಹೇಳ್ದೆ ಯಾಕೆ ಹಾಕ್ದೆ?"

"ಒಣಗ್ತಾ ಇತ್ತು ಸಾರ್. ನೀವೆಲ್ಲ ಸೇರಿ ನೆಟ್ಟಿದ್ದಲ್ವಾ..."

ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗಿಡವನ್ನು ನೋಡಿದರು. ತಾವು ನೆಡಿಸಿದ ಗಿಡಕ್ಕೆ ಹೊಸ ಎಲೆ ಬಂದದ್ದನ್ನು ಅವರು ನೋಡಿದ್ದು ಇದೇ ಮೊದಲು.

"ಅಲ್ಲ ಸಾರ್, ಇನ್ನೊಂದು ಗುಂಡಿ ತೋಡಿದ್ರೆ ಆಗಲ್ವಾ?" ಎಂದ ಮಾಲಿ ತಾತ.

ಇಷ್ಟು ವರ್ಷ ಯಾರ ತಲೆಗೂ ಹೊಳೆಯದ ಮಾತು. ಎಲ್ಲರೂ ಅವನನ್ನೇ ನೋಡಿದರು.

"ಮೈಕಿನ ವೈರು ಸಾಲಲ್ಲ," ಎಂದು ಡ್ರಿಲ್ ಮೇಷ್ಟ್ರು ಗೊಣಗಿದರು.

"ಅತಿಥಿಗಳು ಸ್ವಲ್ಪ ಕಿರುಚ್ತಾರೆ ಬಿಡಿ," ಎಂದರು ಹೆಡ್‌ಮಾಸ್ಟರ್.

ಅಂತೂ ಹೊಸ ಗುಂಡಿಯಲ್ಲಿ ಹೊಸ ಗಿಡ ಕೂತಿತು. ಫೋಟೊದಲ್ಲಿ ಶಾಲೆಯ ಬೋರ್ಡಿನ ಬದಲು ಸೈಕಲ್ ಸ್ಟ್ಯಾಂಡ್ ಬಿತ್ತು.

ಮರುದಿನ ಬೆಳಿಗ್ಗೆ ಪಿಸಿಪಿಸಿ ಬರುವಷ್ಟರಲ್ಲಿ ಹೆಡ್‌ಮಾಸ್ಟರ್ ಹೊಸ ಗಿಡದ ಮುಂದೆ ತುಂಬಿದ ಬಕೆಟ್ ಹಿಡಿದು ನಿಂತಿದ್ದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಇದಕ್ಕೆ ಎಷ್ಟು ಹಾಕ್ಬೇಕಮ್ಮಾ?"

ನಿನ್ನೆಯದೂ ಸೇರಿ ಹನ್ನೆರಡು ಗಿಡ ನೆಡಿಸಿದವರು ಕೇಳುವ ಪ್ರಶ್ನೆ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಬ್ಯಾಗು ಕೆಳಗಿಟ್ಟು ಬಕೆಟ್ಟಿಗೆ ತಾನೂ ಕೈಕೊಟ್ಟಳು.

"ನಿಧಾನಕ್ಕೆ ಬಗ್ಗಿಸಿ ಸಾರ್. ಮಣ್ಣು ಕುಡಿಯೋವರೆಗೂ ಕಾಯ್ಬೇಕು."

ಇಬ್ಬರೂ ಕಾದರು.